ಶಿಶುಗಳ ಹಠವೂ ಹಿರಿಯರ ಕರ್ತವ್ಯವೂ

(ಶ್ರೀಮಠದ ಪಾಠಶಾಲೆಯ ಮಹೋತ್ಸವದ ಮೂರನೆಯ ದಿವಸ ಬೆಳಗಿನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಈ ಹೊತ್ತು ನಾನು ಪ್ರಸಾದಿಸ್ಥಲವನ್ನು ಕುರಿತು ಉಪನ್ಯಾಸ ಮಾಡತಕ್ಕದ್ದೆಂದು ಕಾರ್ಯಕ್ರಮದ ಪತ್ರಿಕೆಯಲ್ಲಿ ಅಚ್ಚಾಗಿರುವುದು. ಅದಕ್ಕೆ ಬೇಕಾದುದನ್ನೆಲ್ಲ ಬರೆದುಕೊಂಡೂ ಇದ್ದೆನು. ಆದರೆ ನಿನ್ನೆ ದಾಸೋಹದ ಪಂಕ್ತಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ರಾತ್ರಿ ಸನ್ನಿಧಿಯಲ್ಲಿ ನಿವೇದಿಸಲು, ಅಪ್ಪನವರು ನಕ್ಕು, "ಶಾಸ್ತ್ರಿಗಳೇ, ನಾಳೆ ಅದನ್ನೇ ಹೇಳಿರಿ. ಪ್ರಸಾದಿಸ್ಥಲವು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಅಪ್ಪಣೆ ಕೊಡಿಸಿದರು. ಅದುಕಾರಣ ಸಿದ್ಧಾಂತವನ್ನು ಕೇಳಲು ಬಂದ ಮಹನೀಯರು ನನ್ನನ್ನು ಕ್ಷಮಿಸಬೇಕು.

ಸಂಗತಿಯು ಇಷ್ಟೇ. ಎರಡು ಎರಡೂವರೆ ವರ್ಷದ ಗಂಡುಕೂಸೊಂದು ತಾಯಿಯ ಮಗ್ಗುಲಲ್ಲಿ ಎಲೆಯ ಮುಂದೆ ಕುಳಿತಿತ್ತು. ಅದು ಮೂರನೆಯ ಪಂಕ್ತಿ. ಹೊತ್ತು ಎರಡು ಗಂಟೆ ಮೀರಿತ್ತು. ಹೋಳಿಗೆಯು ಬಿಸಿಯಾಗಿದ್ದುದರಿಂದ ತಾಯಿಯು ಅದನ್ನು ಎರಡು ಹೋಳು ಮಾಡಿ, ಆರಿಸಿ, ಕೂಸಿನ ಮುಂದಿಟ್ಟಳು. ಅಷ್ಟಕ್ಕೇ ಕೂಸು ಎಲೆಯನ್ನು ಒದ್ದು, ಬೋರಲು ಬಿದ್ದು, ಹಣೆಯನ್ನು ನೆಲಕ್ಕೆ ಗಟ್ಟಿಸುತ್ತ ಚೀರತೊಡಗಿತು. ಬಡಿಸುವವರು ಇನ್ನೊಂದು ಇಡೀ ಹೋಳಿಗೆಯನ್ನು ತಂದುಕೊಟ್ಟರು, ಅದು ಬೇಡ. ಮುರಿದ ಹೋಳಿಗೆಯೇ ಮೊದಲಿನಂತೆ ಕೂಡಬೇಕು! ತಾಯಿಯು ನಾಚಿಕೆಯಿಂದ ತಲೆಯ ಸೆರಗನ್ನು ಮುಂದಕ್ಕೆಳೆದುಕೊಂಡಳು. ಸುತ್ತಲಿದ್ದವರು ತಲೆಗೊಂದು ಮಾತು ಹೇಳಿದರು. ದೃಷ್ಟಿಯಾಗಿದೆ ಎಂದರು ಒಬ್ಬರು. ಬೆನ್ನಿಗೆರಡು ಕೊಟ್ಟರೆ ಸುಮ್ಮನಾಗುವನೆಂದರು ಇನ್ನೊಬ್ಬರು. ಮೂರನೆಯವರು ಕಿಸೆಯಿಂದ ಮೊಬೈಲನ್ನು ತೆಗೆದು ಕುಣಿಯುವ ಗೊಂಬೆಗಳನ್ನು ತೋರಿಸಹೋದರು. ಕಡೆಗೆ ಒಬ್ಬ ಅಜ್ಜಿಯು, ಹೆಗಲಿಗೆ ಜೋಳಿಗೆಯನ್ನು ಹಾಕಿಕೊಂಡು ಆ ಸಾಲಿನಲ್ಲಿ ಬರುತ್ತಿದ್ದ ನನ್ನ ಕಡೆಗೆ ಬೆರಳು ಮಾಡಿ, "ನೋಡಲ್ಲಿ, ಅಯ್ಯನವರು ಬಂದರು! ಅಳಬ್ಯಾಡ, ಜೋಳಿಗ್ಯಾಗ ಹಾಕ್ಕೊಂಡು ಒಯ್ತಾರ!" ಎಂದಳು.

ಕೂಸು ತಲೆಯೆತ್ತಿ ನನ್ನನ್ನು ನೋಡಿತು. ಅಳುವು ಅಲ್ಲಿಗೇ ನಿಂತಿತು. ಉಸಿರು ಮಾತ್ರ ಬಿಕ್ಕುತ್ತಿತ್ತು. ತಾಯಿಯ ಸೀರೆಯನ್ನು ಹಿಡಿದ ಕೈಗಳು ನಡುಗುತ್ತಿದ್ದವು. ಪಂಕ್ತಿಯಲ್ಲಿದ್ದವರಿಗೆಲ್ಲ ಸಮಾಧಾನವಾಯಿತು. ನನಗೆ ಆ ಹೊತ್ತಿನ ಪ್ರಸಾದವು ಗಂಟಲಿನಲ್ಲಿ ಇಳಿಯಲಿಲ್ಲ.

ಜೋಳಿಗೆಯೆಂದರೇನು? ಈ ಪಾಠಶಾಲೆಯಲ್ಲಿ ಓದಿದ ನಾವೆಲ್ಲರೂ ಉಂಡು ಬೆಳೆದದ್ದು ಊರೂರು ತಿರುಗಿ ಮನೆಮನೆಯ ಬಾಗಿಲಲ್ಲಿ ನಿಂತು ತಂದ ಜೋಳದಿಂದ. ಹಸಿದ ಮಕ್ಕಳಿಗೆ ಅನ್ನವನ್ನು ತರುವ ಚೀಲವನ್ನು ಮಕ್ಕಳನ್ನು ಹೊತ್ತೊಯ್ಯುವ ಚೀಲವೆಂದು ಕೂಸಿಗೆ ಕಲಿಸಿದ ಬಳಿಕ, ಅದು ದೊಡ್ಡದಾದಮೇಲೆ ಜಂಗಮದಲ್ಲಿ ಭಕ್ತಿಯಿಡಬೇಕೆಂದು ನಾವು ಉಪನ್ಯಾಸ ಮಾಡಿದರೆ ಫಲವೇನು? ಆ ಅಜ್ಜಿಯನ್ನು ನಾನು ದೂರುವುದಿಲ್ಲ. ಆಕೆಗೂ ಆಕೆಯ ಅಜ್ಜಿಯು ಹಾಗೆಯೇ ಹೇಳಿದ್ದಿರಬೇಕು. ನನ್ನ ತಾಯಿಯೂ ಈ ವಿದ್ಯೆಯನ್ನು ಬಲ್ಲವಳೇ. ಆದರೆ ನಾನು ಅಯ್ಯನವರ ಮನೆಯಲ್ಲಿಯೇ ಹುಟ್ಟಿದವನಾದ್ದರಿಂದ ಆಕೆಯು ನನ್ನ ಸಲುವಾಗಿ ಗುಮ್ಮನನ್ನು ಕರೆಯಬೇಕಾಗುತ್ತಿತ್ತು.

ಕೂಸನ್ನು ಹೆದರಿಸಬಾರದೆಂಬುದು ಈಚಿನವರು ಕಂಡುಹಿಡಿದ ಮಾತೆಂದು ತಿಳಿಯಲಾಗದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಜಾತಿಸೂತ್ರೀಯವೆಂಬ ಎಂಟನೆಯ ಅಧ್ಯಾಯವುಂಟು. ಕೂಸು ಅಳುತ್ತಿದ್ದರೂ, ಉಣ್ಣಲೊಲ್ಲದಿದ್ದರೂ, ಹೇಳಿದ ಮಾತನ್ನು ಕೇಳದಿದ್ದರೂ, ಅದನ್ನು ಅಂಜಿಸುವುದಕ್ಕಾಗಿ ರಾಕ್ಷಸ, ಪಿಶಾಚ, ಪೂತನಿ ಮೊದಲಾದವರ ಹೆಸರನ್ನು ಎತ್ತಕೂಡದೆಂದು ಅಲ್ಲಿ ವಿಧಿಸಿದೆ. ಅದೇ ಅಧ್ಯಾಯದಲ್ಲಿ ಆಟಿಕೆಗಳ ಲಕ್ಷಣವನ್ನು ಹೇಳುವಾಗಲೂ ಅವು ಬಣ್ಣವುಳ್ಳವೂ, ಹಗುರವೂ, ಸದ್ದು ಮಾಡತಕ್ಕವೂ, ಮೊನೆಯಿಲ್ಲದವೂ, ಬಾಯೊಳಗೆ ಹೋಗದವೂ ಆಗಿರಬೇಕೆಂದು ಹೇಳಿ, ಭಯವನ್ನು ಹುಟ್ಟಿಸದಿರಬೇಕೆಂಬುದನ್ನೂ ಸೇರಿಸಿದೆ. ಸುಶ್ರುತಸಂಹಿತೆಯು ಕೂಸನ್ನು ಗದರಿಸಬಾರದೆಂತಲೂ, ಮಲಗಿದುದನ್ನು ಥಟ್ಟನೆ ಎಬ್ಬಿಸಬಾರದೆಂತಲೂ ಹೇಳುವುದು. ಹಳೆಯ ವೈದ್ಯಗ್ರಂಥಗಳಲ್ಲಿ ಇರುವ ಈ ಮಾತುಗಳು ನಮ್ಮ ಅಡಿಗೆಮನೆಯ ತನಕ ಏಕೆ ಬರಲಿಲ್ಲವೋ ತಿಳಿಯದು. ಅವು ಸಂಸ್ಕೃತದಲ್ಲಿದ್ದವು, ತಾಯಂದಿರಿಗೆ ಸಂಸ್ಕೃತವನ್ನು ನಾವು ಕಲಿಸಲಿಲ್ಲ, ಇದೇ ಕಾರಣವಿದ್ದೀತು.

ಅದೇ ಸುಶ್ರುತದ ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳನ್ನು ವರ್ಣಿಸಿದೆಯಲ್ಲ, ಕೂಸಿನ ಅಳುವು ಗ್ರಹಪೀಡೆ ಏಕಾಗಿರಬಾರದು ಎಂದು ಬಲ್ಲವರು ಕೇಳಬಹುದು. ಆ ಗ್ರಹಗಳ ಲಕ್ಷಣಗಳನ್ನು ಓದಿ ನೋಡಿರಿ: ಜ್ವರ, ವಾಂತಿ, ಅತಿಸಾರ, ಮೂರ್ಛೆ! ಇವುಳ್ಳ ಕೂಸನ್ನು ಈ ಕಾಲದಲ್ಲಿ ಎಲ್ಲಿಗೆ ಒಯ್ಯಬೇಕೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ಹೋಳಿಗೆ ಮುರಿಯಿತೆಂದು ಅಳುವ ಕೂಸಿನಲ್ಲಿ ಇವೊಂದೂ ಇರುವುದಿಲ್ಲ.

ಹಾಗಾದರೆ ಆ ಕೂಸಿಗೆ ಆದದ್ದೇನು? ನಮ್ಮ ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳುಂಟು. ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ಅರ್ಧ ತಿಳಿದಂತಾಗುವುದು. ಕಾರಣ ತಿಳಿಯದಂತೆ ಹಗಲೆಲ್ಲ ಗುರುಗುಡುತ್ತ, ಎತ್ತಿಕೊಂಡರೆ ಇಳಿಸೆಂದೂ ಇಳಿಸಿದರೆ ಎತ್ತಿಕೊಳ್ಳೆಂದೂ ಅಳುವುದು ರಚ್ಚೆ. ಒಂದು ವಸ್ತುವನ್ನು ಮನಸ್ಸಿನಲ್ಲಿ ಹಿಡಿದು ಅದೇ ಆಗಬೇಕೆಂದು ಬೀಳುವುದು ಹಠ. ರಚ್ಚೆಯ ಬೇರನ್ನು ಮೊದಲು ದೇಹದಲ್ಲಿ ಹುಡುಕಬೇಕು. ಹಠವಾದರೋ ಮನಸ್ಸಿನ ಬೆಳವಣಿಗೆ.

ಒಂದು ವರ್ಷದ ತನಕ ಕೂಸಿಗೆ ತಾನು ಬೇರೆ, ತಾಯಿ ಬೇರೆ ಎಂಬುದು ಚೆನ್ನಾಗಿ ತಿಳಿದಿರುವುದಿಲ್ಲ. ಆಮೇಲೆ ನಡಿಗೆ ಬರುವುದು. 'ನಾನು', 'ನಂದು', 'ಒಲ್ಲೆ' ಎಂಬುವು ಹುಟ್ಟುವುವು. ಇಚ್ಛೆಯು ಆಳೆತ್ತರ ಬೆಳೆದಿರುವುದು, ಮಾತು ಇನ್ನೂ ಗೇಣುದ್ದ. ಹೇಳಲು ಮಾತಿಲ್ಲದುದನ್ನು ಕೈಕಾಲುಗಳೇ ಹೇಳಬೇಕು. ಮುರಿದುದು ಕೂಡಲಾರದೆಂಬ ಲೋಕನಿಯಮವನ್ನು ಆ ಕೂಸು ನಿನ್ನೆ ನಮ್ಮ ಪಂಕ್ತಿಯಲ್ಲಿಯೇ ಮೊದಲು ಕಂಡಿತೆಂದು ನನಗೆ ತೋರುವುದು. ನಾವು ಐವತ್ತು ವರ್ಷಗಳಿಂದ ಅದನ್ನು ಕಾಣುತ್ತಿದ್ದರೂ ಸಹಿಸಲು ಕಲಿತಿರುವೆವೆ?

ಅಮೆರಿಕ ದೇಶದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿದ್ದ ಫ್ಲಾರೆನ್ಸ್ ಗುಡಿನಫ್ ಎಂಬ ವಿದುಷಿಯು 45 ಮಕ್ಕಳ ತಾಯಂದಿರಿಂದ ಪ್ರತಿದಿನದ ಕೋಪದ ಲೆಕ್ಕವನ್ನು ಬರೆಯಿಸಿ 1931ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ಎರಡನೆಯ ವರ್ಷದಲ್ಲಿ ಕೋಪವು ತುತ್ತತುದಿಗೇರಿ ಆಮೇಲೆ ಇಳಿಯುವುದೆಂತಲೂ, ಊಟದ ಹೊತ್ತಿಗೆ ಮುಂಚೆ ಹೆಚ್ಚುವುದೆಂತಲೂ, ನೆಗಡಿಯಂಥ ಸಣ್ಣ ಅಸ್ವಸ್ಥತೆಯಿದ್ದ ದಿನಗಳಲ್ಲಿ ಇನ್ನೂ ಹೆಚ್ಚುವುದೆಂತಲೂ ಅದರಿಂದ ತಿಳಿದುಬಂದಿತು. ಮೂರನೆಯ ಪಂಕ್ತಿಯಲ್ಲಿ ಎರಡು ಗಂಟೆಯ ಮೇಲೆ ಕುಳಿತ ಕೂಸಿನ ಮಾತನ್ನು ಈ ಗ್ರಂಥದೊಡನೆ ಇಟ್ಟು ನೋಡಿದರೆ ತಪ್ಪು ಯಾರದೆಂಬುದು ಸ್ಪಷ್ಟವಾಗುವುದು. ಕೂಸಿನದಲ್ಲ, ತಾಯಿಯದೂ ಅಲ್ಲ. ಪಂಕ್ತಿಯ ವ್ಯವಸ್ಥೆಯನ್ನು ಮಾಡಿದ ನಮ್ಮದು.

ಇನ್ನು ರಚ್ಚೆಯ ಮಾತು. ಇದನ್ನು ಹೇಳುವುದಕ್ಕೆ ಮೊದಲು ನನ್ನದೊಂದು ತಪ್ಪನ್ನು ಸಭೆಯ ಮುಂದೆ ಇಡಬೇಕಾಗಿದೆ. ಇಪ್ಪತ್ತು ವರ್ಷಗಳ ಕೆಳಗೆ ಗಂಡಹೆಂಡಿರಿಬ್ಬರು ಎರಡೂವರೆ ವರ್ಷದ ಹೆಣ್ಣುಮಗುವನ್ನು ನನ್ನ ಬಳಿಗೆ ತಂದರು. ಮಗುವು ಹಗಲಿರುಳೂ ಸಿಡಿಮಿಡಿಗೊಳ್ಳುವುದು, ಸಿಟ್ಟು ಬಂದರೆ ಕಚ್ಚುವುದು, ಯಾರ ಮಾತನ್ನೂ ಕೇಳುವುದಿಲ್ಲ ಎಂದು ಹೇಳಿಕೊಂಡರು. ನಾನು ವಿಭೂತಿಯನ್ನು ಮಂತ್ರಿಸಿ, ತೋಳಿಗೆ ತಾಯಿತವನ್ನು ಕಟ್ಟಿ, ಮೂರು ಅಮಾವಾಸ್ಯೆಗಳಿಗೆ ಬರಬೇಕೆಂದು ಹೇಳಿದೆನು. ಕೊರಳಿನಲ್ಲಿ ಇಷ್ಟಲಿಂಗವಿರುವ ಮಗುವಿಗೆ ತೋಳಿನಲ್ಲಿ ತಾಯಿತವೇಕೆ ಎಂದು ತಾವು ಕೇಳಬಹುದು, ಕೇಳತಕ್ಕದ್ದೇ. ಬಂದವರು ಬರಿಗೈಯಲ್ಲಿ ಹೋಗಬಾರದೆಂಬ ದಾಕ್ಷಿಣ್ಯವೂ, ಬಲ್ಲವನೆನಿಸಿಕೊಳ್ಳುವ ಚಪಲವೂ ನನ್ನಲ್ಲಿದ್ದುವು. ಮೂರನೆಯ ಅಮಾವಾಸ್ಯೆಯಂದು ಗದ್ದುಗೆಯ ಮಂಗಳಾರತಿಯ ಕಾಲದಲ್ಲಿ ಜಾಗಟೆ ಗಂಟೆಗಳು ಒಮ್ಮೆಗೇ ಮೊಳಗಲು, ಅಲ್ಲಿದ್ದ ಮಕ್ಕಳೆಲ್ಲ ಬೆಚ್ಚಿ ತಿರುಗಿ ನೋಡಿದುವು. ಈ ಹುಡುಗಿಯು ಮಾತ್ರ ಬೆನ್ನು ತಿರುಗಿಸಿ ಕುಳಿತು ಒಂದು ಹೂವಿನ ಎಸಳುಗಳನ್ನು ಬಿಡಿಸುತ್ತಿದ್ದಳು. ದರ್ಶನಕ್ಕೆ ಬಂದಿದ್ದ ಒಬ್ಬ ದಾದಿಯು ಅದನ್ನು ಕಂಡಳು. ಗದ್ದುಗೆಯ ಪಕ್ಕದಲ್ಲಿಯೇ ನಿಂತಿದ್ದ ನಾನು ಕಾಣಲಿಲ್ಲ.

ಪರೀಕ್ಷಿಸಲು ಆ ಮಗುವಿಗೆ ಎರಡು ಕಿವಿಗಳೂ ಬಹಳ ಮಂದವೆಂದು ತಿಳಿಯಿತು. ಯಾರ ಮಾತನ್ನೂ ಕೇಳುವುದಿಲ್ಲವೆಂದು ತಂದೆತಾಯಿಗಳು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಕೇಳದ ಮಗುವಿಗೆ ಮಾತು ಬರುವುದೆಂತು? ಮಾತು ಬಾರದ ಮಗುವು ಕಚ್ಚದೆ ಮಾಡುವುದಾದರೂ ಏನು? ಶ್ರವಣಯಂತ್ರವನ್ನು ಹಾಕಿಸಿದರು, ಮಾತನ್ನು ಕಲಿಸಿದರು, ತಡವಾಗಿಯಾದರೂ ಮಾತು ಬಂದಿತು, ಸಿಟ್ಟು ಇಳಿಯಿತು. ಆದರೆ ಮಾತು ಕಲಿಯುವ ವಯಸ್ಸಿನಲ್ಲಿ ಮೂರು ತಿಂಗಳೆಂದರೆ ಅಲ್ಪಕಾಲವಲ್ಲ. ಅದನ್ನು ಕಳೆದವನು ನಾನು. ಆ ತಾಯಿಯು ನನ್ನ ಮೇಲಿನ ಗೌರವದಿಂದ ತಾಯಿತವನ್ನು ಆಮೇಲೂ ಬಿಚ್ಚಿರಲಿಲ್ಲ. ನಾನೇ ಹೋಗಿ ಬಿಚ್ಚಿದೆನು. ಅಲ್ಲಿಂದ ಮುಂದೆ ಯಾವ ಕೂಸಿಗೂ ಕಟ್ಟಿಲ್ಲ.

ಕಾಶ್ಯಪಸಂಹಿತೆಯೆಂಬ ಶಿಶುವೈದ್ಯಗ್ರಂಥವು ನೇಪಾಳದಲ್ಲಿ ದೊರೆತ ಪ್ರತಿಯಿಂದ 1938ರಲ್ಲಿ ಅಚ್ಚಾಯಿತು. ಅದರಲ್ಲಿ ವೇದನಾಧ್ಯಾಯವೆಂಬ ಒಂದು ಪ್ರಕರಣವುಂಟು. ಮಾತನಾಡಲಾರದ ಕೂಸಿಗೆ ಎಲ್ಲಿ ನೋವಿದೆಯೆಂಬುದನ್ನು ಅದರ ಚೇಷ್ಟೆಗಳಿಂದ ತಿಳಿಯುವುದು ಹೇಗೆಂಬುದೇ ಅಲ್ಲಿಯ ವಿಷಯ: ಕಿವಿನೋವಿದ್ದರೆ ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುವುದು, ತಲೆನೋವಿದ್ದರೆ ತಲೆಯನ್ನು ಆಡಿಸುವುದು, ಇತ್ಯಾದಿ. ಆ ಗ್ರಂಥವು ನನ್ನ ಕಪಾಟಿನಲ್ಲಿಯೇ ಇತ್ತು. ಶ್ಲೋಕಗಳು ಬಾಯಿಗೆ ಬರುತ್ತಿದ್ದುವು, ಕಣ್ಣಿಗೆ ಬಂದಿರಲಿಲ್ಲ.

ಆದುದರಿಂದ ತಾಯಂದಿರೇ, ಕೂಸು ದಿನದಿನವೂ ರಚ್ಚೆ ಹಿಡಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿರಿ. ಹೆಸರು ಹಿಡಿದು ಕರೆದರೆ ತಿರುಗುವುದೋ ಇಲ್ಲವೋ ನೋಡಿರಿ. ಎರಡು ವರ್ಷಕ್ಕೆ ಎರಡು ಮಾತುಗಳನ್ನು ಕೂಡಿಸಿ ಆಡದಿದ್ದರೆ ಕಿವಿಯನ್ನು ಪರೀಕ್ಷೆ ಮಾಡಿಸಿರಿ. ದವಡೆಯ ಹಲ್ಲು ಬರುವಾಗ, ಮಲಬದ್ಧತೆಯಾದಾಗ, ಹೊಟ್ಟೆಯಲ್ಲಿ ಹುಳುಗಳಾದಾಗ ಕೂಸು ಸಿಡುಕುವುದು ಎಲ್ಲರಿಗೂ ತಿಳಿದುದೇ. ತಿಳಿಯದಿರುವುದು ರಕ್ತಹೀನತೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕಿಂತಲೂ ಹೆಚ್ಚು ಮಂದಿಗೆ ರಕ್ತಹೀನತೆಯಿದ್ದಿತು. ರಕ್ತದಲ್ಲಿ ಕಬ್ಬಿಣದ ಅಂಶವು ಕಡಮೆಯಾದ ಕೂಸು ಸೋತು ಸಿಡುಕುವುದು, ಉಣ್ಣಲೊಲ್ಲದು. ಉಣ್ಣದೆ ಮತ್ತಷ್ಟು ಸೋಲುವುದು. ನಮ್ಮ ಮನೆಗಳಲ್ಲಿ ಎರಡು ವರ್ಷದ ಕೂಸಿಗೂ ಬಟ್ಟಲಿನಲ್ಲಿ ಚಹಾ ಕೊಡುವ ವಾಡಿಕೆಯುಂಟಷ್ಟೆ. ಆ ಚಹವು ಉಂಡ ಅನ್ನದ ಕಬ್ಬಿಣವನ್ನು ಮೈಗೆ ಹತ್ತಗೊಡದು. ಅದನ್ನು ಬಿಡಿಸಿ, ಮೊಳಕೆಯ ಹೆಸರು, ಮಡಿಕೆಕಾಳು, ಸೊಪ್ಪು, ಮೇಲೆ ನಾಲ್ಕು ಹನಿ ನಿಂಬೆಯ ರಸ, ಇವನ್ನು ಕೊಡತಕ್ಕದ್ದು. ಔಷಧವು ಬೇಕೋ ಬೇಡವೋ ವೈದ್ಯರು ಹೇಳುವರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿಯ ಮಕ್ಕಳನ್ನು ವೈದ್ಯರ ತಂಡವು ಬಂದು ಪರೀಕ್ಷಿಸುವ ಏರ್ಪಾಡೂ ಇರುವುದು. ಆ ದಿನ ಕೂಸನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿರಿ.

ದೇಹವು ನೆಟ್ಟಗಿದ್ದೂ ಹಠ ಬರುವುದು. ಆಗ ಮಾಡತಕ್ಕದ್ದೇನು? ನನ್ನ ಮೊಮ್ಮಗನು ಇದರಲ್ಲಿ ನನಗೆ ಗುರು. ಅವನು ಬಿದ್ದು ಹೊರಳುವಾಗ ನಾನು ಮೊದಮೊದಲು ಅವನಿಗೆ ನ್ಯಾಯವನ್ನು ಬೋಧಿಸುತ್ತಿದ್ದೆನು. ತರ್ಕಶಾಸ್ತ್ರವನ್ನು ಓದಿದವನ ದೌರ್ಬಲ್ಯವದು. ಹೇತುವನ್ನು ಹೇಳಿದಷ್ಟೂ ಅವನ ಕೂಗು ಏರುತ್ತಿತ್ತು. ಈಗ ಹತ್ತಿರ ನೆಲದ ಮೇಲೆ ಕುಳಿತುಬಿಡುವೆನು. ತಲೆಗೆ ಪೆಟ್ಟಾಗದಂತೆ ಕೈಯನ್ನೋ ದಿಂಬನ್ನೋ ಇಡುವೆನು. "ಹೋಳಿಗೆ ಮುರೀತಪಾ, ನಿನಗ ಕೆಟ್ಟನಿಸ್ತು" ಎಂದು ಒಂದೇ ಮಾತನ್ನು ಮೆಲ್ಲನೆ ಆಡುವೆನು. ಅವನಿಗೆ ಇಲ್ಲದ ಮಾತನ್ನು ನಾನು ಒದಗಿಸುವುದು ಅಷ್ಟೇ. ಬಹಳಮಟ್ಟಿಗೆ ಐದು ನಿಮಿಷಗಳೊಳಗೆ ಬಿರುಗಾಳಿಯು ಇಳಿಯುವುದು. ಇಳಿದಮೇಲೆ ತಾನಾಗಿಯೇ ತೊಡೆಯನ್ನೇರುವನು. ಆಗಲೂ ಉಪದೇಶ ಮಾಡಲಾಗದು.

ಆದರೆ ಅತ್ತುದಕ್ಕಾಗಿ ಬೇಡವೆಂದುದನ್ನು ಕೊಡಕೂಡದು. ಇಂದು ಬೇಡವೆಂದು ನಾಳೆ ಅಳುವಿಗೆ ಸೋತು ಕೊಟ್ಟರೆ, ಎಷ್ಟು ಹೊತ್ತು ಅಳಬೇಕೆಂಬ ಲೆಕ್ಕವನ್ನು ನಾವೇ ಕಲಿಸಿದಂತಾಗುವುದು. ಅದುಕಾರಣ 'ಬೇಡ' ಎಂಬ ಮಾತನ್ನು ಬೆಂಕಿ, ಬಾವಿ, ಬೀದಿ, ಪರರಿಗೆ ನೋವು, ಇಂಥ ಕೆಲವಕ್ಕೆ ಮಾತ್ರ ಇಟ್ಟುಕೊಂಡು, ಮಿಕ್ಕ ಕಡೆ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಡಬೇಕು. ಕೆಂಪು ಅಂಗಿಯೋ ಹಸುರು ಅಂಗಿಯೋ? ಹೋಳಿಗೆಯನ್ನು ನೀನು ಮುರಿಯುವೆಯೋ, ನಾನು ಮುರಿಯಲೋ? ನಿನ್ನೆ ಈ ಒಂದು ಪ್ರಶ್ನೆಯನ್ನು ಕೇಳಿದ್ದರೆ ನನಗೆ ಈ ಉಪನ್ಯಾಸದ ಪ್ರಸಂಗವೇ ಬರುತ್ತಿರಲಿಲ್ಲ.

ಕೆಲವು ಕೂಸುಗಳು ಅಳುತ್ತಳುತ್ತ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಕ್ಷಣಕಾಲ ಎಚ್ಚರ ತಪ್ಪುವುದುಂಟು. ಆಗ ಅಲುಗಾಡಿಸದೆ, ಬಾಯಲ್ಲಿ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸತಕ್ಕದ್ದು. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ಬರುವುದು; ಬಾರದಿದ್ದರೆ ಒಡನೆಯೇ ಆಸ್ಪತ್ರೆ. ಬಂದರೂ, ಮೊದಲ ಸಲವಾದರೆ ವೈದ್ಯರಿಗೆ ತೋರಿಸಲೇಬೇಕು. ಇದರಲ್ಲಿಯೂ ರಕ್ತಹೀನತೆಯ ಪಾಲುಂಟು.

ಮೊಬೈಲಿನ ವಿಷಯವನ್ನು ಹೇಳದೆ ಬಿಡಲಾರೆನು. ಅದಕ್ಕೆ 'ಜಂಗಮವಾಣಿ' ಎಂದು ಕನ್ನಡದಲ್ಲಿ ಹೆಸರಿಟ್ಟಿರುವರು; ಜಂಗಮಶಬ್ದಕ್ಕೆ ಈ ಗತಿಯೂ ಬರುವುದೆಂದು ಹಿರಿಯರು ಎಣಿಸಿರಲಿಕ್ಕಿಲ್ಲ. ಎರಡು ವರ್ಷ ತುಂಬುವ ತನಕ ಮಕ್ಕಳಿಗೆ ಪರದೆಯ ಚಿತ್ರಗಳನ್ನು ತೋರಿಸಬಾರದೆಂತಲೂ, ಆಮೇಲೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂತಲೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿತು. ಅಳುವ ಕೂಸಿನ ಕೈಗೆ ಅದನ್ನು ಕೊಟ್ಟರೆ ಅಳುವು ನಿಲ್ಲುವುದು ನಿಜ. ಜೋಳಿಗೆಯನ್ನು ತೋರಿಸಿದಾಗಲೂ ನಿಂತಿತ್ತು.

ಅರವತ್ತುಮೂವರು ಪುರಾತನರಲ್ಲಿ ಒಬ್ಬರಾದ ಪಿಳ್ಳೆನಯನಾರರ, ಅಂದರೆ ತಿರುಜ್ಞಾನಸಂಬಂಧರ ಕಥೆಯು ತಮಗೆ ಶ್ರುತವೇ ಇದೆ. ಶೀರ್ಕಾಳಿಯಲ್ಲಿ ತಂದೆಯು ಮೂರು ವರ್ಷದ ಕೂಸನ್ನು ಗುಡಿಯ ಕೊಳದ ದಡದಲ್ಲಿ ಬಿಟ್ಟು ಸ್ನಾನಕ್ಕಿಳಿದನು. ನೀರಿನಲ್ಲಿ ಮುಳುಗಿದ ತಂದೆಯು ಕಾಣದಾಗಲು ಕೂಸು ಅಳತೊಡಗಿತು. ಜಗನ್ಮಾತೆಯು ಬಂದು ಹಾಲೂಡಿಸಿದಳು. ತಂದೆಯು ಮೇಲೆ ಬಂದು, ಕೂಸಿನ ಬಾಯಲ್ಲಿ ಹಾಲನ್ನು ಕಂಡು, ಇದನ್ನು ಯಾರು ಕೊಟ್ಟರೆಂದು ಕೋಲನ್ನೆತ್ತಿ ಗದರಿಸಿದನೆಂದು ಪೆರಿಯಪುರಾಣವು ಹೇಳುವುದು. ಅತ್ತ ಕೂಸು ಒಂದೇ. ಏಕೆ ಅಳುವೆಯೆಂದು ನೋಡಿದವಳು ಒಬ್ಬಳು, ಕೋಲನ್ನು ಹುಡುಕಿದವನು ಒಬ್ಬನು. ಆ ತಂದೆಯೂ ಸದ್ಭಕ್ತನೇ ಆಗಿದ್ದನೆಂಬುದನ್ನು ಗಂಡಸರು ನೆನೆಯಬೇಕು.

ಗಂಡಸರಿಗೆ ಇನ್ನೂ ಒಂದು ಮಾತುಂಟು. ಕೂಸು ನಕ್ಕರೆ ನಮ್ಮ ಮನೆತನದ ಗುಣ, ಅತ್ತರೆ ತಾಯಿಯ ತವರಿನ ಗುಣ ಎನ್ನುವ ವಾಡಿಕೆಯನ್ನು ಬಿಡಬೇಕು. ಹಗಲೆಲ್ಲ ಹಠದ ಕೂಸಿನೊಡನೆ ಇರುವ ತಾಯಿಯು ಸಂಜೆಗೆ ತಾನೇ ಅಳುವ ಸ್ಥಿತಿಗೆ ಬಂದಿರುವಳು. ಅಂಥವಳ ಕೈ ಒಮ್ಮೆ ಕೂಸಿನ ಮೇಲೆ ಏಳಬಹುದು. ತೊಟ್ಟಿಲಲ್ಲಿರುವಾಗಲೇ ಲಿಂಗಧಾರಣೆಯಾದ ಮೈಯದು, ಅದರ ಮೇಲೆ ಕೈಯೆತ್ತಬಾರದೆಂದು ಆಕೆಗೆ ಬೋಧಿಸುವುದಕ್ಕೆ ಮುಂಚೆ ಒಂದು ಗಳಿಗೆ ಕೂಸನ್ನು ಇಸಿದುಕೊಂಡು ಆಕೆಯನ್ನು ಮಲಗಗೊಡಿರಿ. ಸಿಟ್ಟು ನೆತ್ತಿಗೇರಿದಾಗ ಕೂಸನ್ನು ಸುರಕ್ಷಿತ ಸ್ಥಳದಲ್ಲಿ ಕುಳ್ಳಿರಿಸಿ, ಹೊರಗೆ ಬಂದು ತಣ್ಣೀರು ಕುಡಿದು ಒಳಗೆ ಹೋಗುವುದರಲ್ಲಿ ಯಾವ ದೋಷವೂ ಇಲ್ಲ. ನೂರೆಂಟು ಸಲ ಪಂಚಾಕ್ಷರಿಯನ್ನು ಜಪಿಸುವವರು ಆಗ ಐದು ಸಲ ಜಪಿಸಿದರೂ ಸಾಕು.

ನಿನ್ನೆಯ ಕೂಸಿನ ಸಮಾಚಾರವನ್ನು ಹೇಳಿ ಮುಗಿಸುವೆನು. ಈ ಹೊತ್ತು ಬೆಳಿಗ್ಗೆ ಯಾತ್ರಿಕರ ಪಡಸಾಲೆಯಲ್ಲಿ ಅದು ತಾಯಿಯೊಡನೆ ಇತ್ತು. ನನ್ನನ್ನು ಕಂಡೊಡನೆ ತಾಯಿಯ ಹಿಂದೆ ಅಡಗಿತು. ನಾನು ಹತ್ತಿರ ಹೋಗದೆ ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಕುಳಿತು, ಜೋಳಿಗೆಯನ್ನು ಬಿಚ್ಚಿ ಬಾಯನ್ನು ಅಗಲ ಮಾಡಿ ಮುಂದಿಟ್ಟು, ನನ್ನ ಪಾಡಿಗೆ ನಾನು ಜೋಳದೊಳಗಿನ ಕಲ್ಲನ್ನು ಆರಿಸುತ್ತಿದ್ದೆನು. ಬಹಳ ಹೊತ್ತು ಹಿಡಿಯಿತು. ಮೊದಲು ಒಂದು ಕಣ್ಣು ಕಾಣಿಸಿತು, ಆಮೇಲೆ ಎರಡು. ಕಡೆಗೆ ಬಂದು ಜೋಳಿಗೆಯೊಳಗೆ ಇಣಿಕಿ ನೋಡಿತು. ಅಲ್ಲಿ ಮಕ್ಕಳಾರೂ ಇರಲಿಲ್ಲ. ಕೈಯಿಟ್ಟು ಒಂದು ಹಿಡಿ ಜೋಳವನ್ನು ತೆಗೆದು ನನ್ನ ಅಂಗೈಯಲ್ಲಿ ಸುರಿಯಿತು. ನಾನು ಅದರ ಅಂಗೈಯಲ್ಲಿ ಸುರಿದೆನು. ಅರ್ಧಗಂಟೆಯ ತನಕ ಇದೇ ನಡೆಯಿತು. ನನ್ನ ಲಿಂಗಪೂಜೆಯು ಈ ಹೊತ್ತು ತಡವಾದುದಕ್ಕೆ ಕಾರಣವಿದು. ಅಪ್ಪನವರಿಗೆ ಅರಿಕೆ ಮಾಡಿರುವೆನು.

ಅಪ್ಪನವರ ಅಪ್ಪಣೆಯು ಇನ್ನೊಂದಿದೆ. ಈ ಹೊತ್ತಿನಿಂದ ದಾಸೋಹದ ಮೊದಲನೆಯ ಪಂಕ್ತಿಯು ಐದು ವರ್ಷದೊಳಗಿನ ಮಕ್ಕಳಿಗೂ ಅವರ ತಾಯಂದಿರಿಗೂ ಮೀಸಲು. ಮಹಾಜನರು ಎರಡನೆಯದರಲ್ಲಿ ಕುಳಿತುಕೊಳ್ಳಬೇಕು. ಹನ್ನೊಂದು ಗಂಟೆಯಾಗುತ್ತ ಬಂದಿತು, ಎಲೆಗಳನ್ನು ಹಾಕಿರುವರು. ಕೂಸುಗಳುಳ್ಳವರು ಮೊದಲು ಏಳಬೇಕೆಂದು ಪ್ರಾರ್ಥನೆ.